ಅರವತ್ತು ಡಿಗ್ರಿಯಲ್ಲಿ ಚಿರೋಟಿ ರವೆ

ಬೋಲ್ಟಿನ ತಲೆಯಿಂದ ಹೊರಟು, ವಾಷರನ್ನು ದಾಟಿ, ಅಲ್ಯೂಮಿನಿಯಂ ಪಾದದ ಮೇಲೆ ಅರ್ಧ ಇಂಚು ಹರಿದು ನಿಲ್ಲುವ ಒಂದು ಹಳದಿ ಗೆರೆ. ಅಂಥ ಬೋಲ್ಟುಗಳು ಎಂಟು ಇದ್ದವು. ಎಂಟರ ಮೇಲೂ ಗೆರೆ ಎಲ್ಲಿಯೂ ತುಂಡಾಗಿರಲಿಲ್ಲ.

ಬೋಲ್ಟು ಬಿಗಿದಾದ ಮೇಲೆ ಬಣ್ಣದ ಪೆನ್ನಿನಿಂದ ಹೀಗೊಂದು ಗೆರೆ ಎಳೆಯುವುದು ನಮ್ಮ ಫಿಟ್ಟರ್ ಇಟ್ಟುಕೊಂಡ ರೂಢಿ. ಬೋಲ್ಟು ಆಮೇಲೆ ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಹಾಗೆ ಮಾಡಿ ಎಂದು ಕಂಪೆನಿಯಲ್ಲಿ ಯಾರೂ ಅವರಿಗೆ ಹೇಳಿರಲಿಲ್ಲ. ಬೇಡ ಎಂದೂ ಹೇಳಿರಲಿಲ್ಲ.

ಪಾದಗಳು ಮಾಡಿನ ಮೇಲೆ ಇದ್ದಲ್ಲೇ ಇದ್ದವು. ಅವುಗಳ ಮೇಲೆ ನಿಂತಿರಬೇಕಾಗಿದ್ದ ಎರಡು ಸೋಲಾರ್ ಪ್ಯಾನೆಲ್‌ಗಳು ಅಂಗಾತ ಮಲಗಿದ್ದವು. ಹಿಂಬದಿಯ ಕಾಲುಗಳು ನಡುವಿನಲ್ಲಿ ಬಾಗಿ, ಕುಳಿತುಕೊಳ್ಳಲು ಹೊರಟು ಮನಸ್ಸು ಬದಲಾಯಿಸಿದವರ ಹಾಗೆ ಕಾಣುತ್ತಿದ್ದವು. ನಾನು ಏಣಿಯ ಮೇಲಿನಿಂದ ಮೂರನೆಯ ಮೆಟ್ಟಿಲಲ್ಲಿ ನಿಂತು ನೋಡುತ್ತಿದ್ದೆ. ಆ ಸ್ಟ್ಯಾಂಡಿನ ಲೆಕ್ಕ ಮಾಡಿದವಳು ನಾನು. ಹಿಮವನ್ನು ಕಣ್ಣಾರೆ ಕಂಡದ್ದೂ ಆವತ್ತೇ ಮೊದಲು. ಬಿದ್ದ ಸ್ಟ್ಯಾಂಡನ್ನು ಕಾಣುವುದೂ ಹಿಮವನ್ನು ಕಾಣುವುದೂ ಒಂದೇ ದಿನ ಆಗಬಾರದಿತ್ತು. ಹಿಮ ಕಾಣುವುದು ಮೊದಲು, ಲೆಕ್ಕ ಆಮೇಲೆ ಆಗಬೇಕಿತ್ತು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮನೆಯ ಮೇಲೆ ಸೋಲಾರ್ ನೀರು ಕಾಯಿಸುವ ವ್ಯವಸ್ಥೆ ಹಾಕಿಸಿಕೊಂಡರೆ ಸರ್ಕಾರ ತೆರಿಗೆಯಲ್ಲಿ ರಿಯಾಯಿತಿ ಕೊಡುತ್ತಿತ್ತು. ಆ ಕಾರಣಕ್ಕೆ ಅಮೆರಿಕದ ಪಶ್ಚಿಮ ಕರಾವಳಿಯ ಬೇ ಏರಿಯಾದಲ್ಲಿ ತುಂಬ ಜನ ಸೂರ್ಯನ ಮೇಲೆ ಪ್ರೀತಿ ಬೆಳೆಸಿಕೊಂಡಿದ್ದರು. ಎಮರಿವಿಲ್‌ನಲ್ಲಿ ಬಣ್ಣದ ಕಾರ್ಖಾನೆಯೊಂದರ ಪಕ್ಕದ ಹಳೆಯ ಗೋಡೌನಿನಲ್ಲಿ ನಮ್ಮ ಆಫೀಸು. ಕಿಟಕಿ ತೆರೆದರೆ ಒಂದು ಕಡೆಯಿಂದ ಬಣ್ಣದ ವಾಸನೆ, ಇನ್ನೊಂದು ಕಡೆಯಿಂದ ಕೊಲ್ಲಿಯ ಕೆಸರಿನ ವಾಸನೆ. ಬಾಸ್ ಬೆಂಗಳೂರಿನವರು. ದೊಡ್ಡ ಕಂಪೆನಿಯ ಕೆಲಸ ಬಿಟ್ಟು ಇದನ್ನು ಆರಂಭಿಸಿದ್ದರು. ನಾನು ಮೈಸೂರಿನಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿ, ಇಲ್ಲಿ ಸ್ನಾತಕೋತ್ತರ ಪದವಿ ಮುಗಿಸಿ, ಅವರಲ್ಲಿ ಸೇರಿಕೊಂಡಿದ್ದೆ. ಪ್ಯಾನೆಲ್ ಬೇರೆಯವರು ಮಾಡುತ್ತಿದ್ದರು. ಅದನ್ನು ಮಾಡಿನ ಮೇಲೆ ನಿಲ್ಲಿಸುವ ಸ್ಟ್ಯಾಂಡು ನಮ್ಮದು. ನಮ್ಮ ಭಾಗದಲ್ಲಿ ಸ್ಟ್ಯಾಂಡಿಗೆ ಇದ್ದ ಶತ್ರು ಗಾಳಿಯೊಂದೇ. ಗಾಳಿ ಪ್ಯಾನೆಲನ್ನು ಮೇಲಕ್ಕೆ ಎತ್ತಲು ನೋಡುತ್ತದೆ. ಬೋಲ್ಟು ಕೆಳಕ್ಕೆ ಹಿಡಿದಿರುತ್ತದೆ. ಬೋಲ್ಟು ದಪ್ಪಗಿದ್ದರೆ ರಾತ್ರಿ ನಿದ್ದೆ ಬರುತ್ತದೆ. ನಮ್ಮ ಬೋಲ್ಟು ದಪ್ಪಗಿದ್ದವು.

ಲಾಸ್ ಗ್ಯಾಟೋಸ್‌ನ ದಂತವೈದ್ಯರೊಬ್ಬರ ಮನೆಗೆ ನಾವು ಹಾಕಿಕೊಟ್ಟದ್ದು ಅವರಿಗೆ ಬಹಳ ಹಿಡಿಸಿತು. ಬೆಟ್ಟದ ಮೇಲೆ, ಹಿಮ ಬೀಳುವ ಸಿಯೆರಾದಲ್ಲಿ, ಅವರಿಗೊಂದು ಮರದ ಕ್ಯಾಬಿನ್ ಇತ್ತು. ಅಲ್ಲಿಗೂ ಅದನ್ನೇ ಹಾಕಿಕೊಡಿ ಎಂದರು. ಬಾಸ್ ನನ್ನ ಮೇಜಿನ ಮೇಲೆ ಲಾಸ್ ಗ್ಯಾಟೋಸ್‌ನ ನಕ್ಷೆ ಇಟ್ಟು, "ಇದನ್ನೇ ಸ್ವಲ್ಪ ಅಡ್ಜಸ್ಟ್ ಮಾಡಮ್ಮ, ಸ್ನೋಗೆ," ಎಂದರು.

ನಾನು ಅಡ್ಜಸ್ಟ್ ಮಾಡಿದೆ. ಕೈಪಿಡಿಯ ಪ್ರಕಾರ ಇಳಿಜಾರು ಹೆಚ್ಚಿದಷ್ಟೂ ಹಿಮದ ಭಾರವನ್ನು ಕಡಿಮೆ ಹಿಡಿಯಬಹುದು. ಏಕೆಂದರೆ ಹಿಮ ಜಾರಿ ಬೀಳುತ್ತದೆ. ಪ್ಯಾನೆಲನ್ನು ಅರವತ್ತು ಡಿಗ್ರಿಗೆ ಎತ್ತಿ ನಿಲ್ಲಿಸಿದರೆ ಚಳಿಗಾಲದ ಬಿಸಿಲೂ ನೇರವಾಗಿ ಸಿಗುತ್ತದೆ, ಹಿಮವೂ ನಿಲ್ಲುವುದಿಲ್ಲ. ಕಾಗದದ ಮೇಲೆ ಅದು ಚೆನ್ನಾಗಿ ಕಂಡಿತು. ಆದರೆ ನಾನು ಹಿಮ ನೋಡಿದವಳಲ್ಲ. ನೋಡದ ವಸ್ತುವಿನ ಬಗ್ಗೆ ಕೈಪಿಡಿಯನ್ನಷ್ಟೇ ನಂಬುವುದು ಸರಿಯಲ್ಲ ಅನ್ನಿಸಿತು. ಪ್ರಯೋಗ ಮಾಡಿ ನೋಡಬೇಕು ಎಂದುಕೊಂಡೆ. ಈಗಲೂ ಆ ಯೋಚನೆಯಲ್ಲಿ ತಪ್ಪಿಲ್ಲ ಎಂದೇ ನನ್ನ ಅಭಿಪ್ರಾಯ.

ಆಗ ನಾನು ಫ್ರೀಮಾಂಟ್‌ನಲ್ಲಿ ಒಂದು ಧಾರವಾಡದ ಕುಟುಂಬದ ಮನೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಮನೆಯ ಯಜಮಾನಿಯನ್ನು ಮೊದಲ ದಿನ ಆಂಟಿ ಎಂದು ಕರೆದಿದ್ದೆ. "ಆಂಟಿ ಅನಬ್ಯಾಡ, ವಯಸ್ಸಾದಂಗ ಅನಸ್ತದ. ವೈನಿ ಅನು," ಎಂದರು. ಅಣ್ಣನ ಹೆಂಡತಿಯನ್ನು ಅವರ ಕಡೆ ಹಾಗೆ ಕರೆಯುತ್ತಾರೆ. ನನಗೆ ಅಣ್ಣ ಇಲ್ಲ. ಆದರೂ ವೈನಿ ಎಂದೇ ಕರೆದೆ.

ಒಂದು ಶನಿವಾರ ವೈನಿಯ ಅಡುಗೆಮನೆಯಲ್ಲಿ ಸ್ಟೀಲಿನ ದೊಡ್ಡ ತಟ್ಟೆ ತೆಗೆದುಕೊಂಡು, ಅದರ ಮೇಲೆ ಚಿರೋಟಿ ರವೆ ಹರಡಿದೆ. ಬಿಳಿ, ಸಣ್ಣ ಹರಳು, ಹಗುರ. ಫೋಟೋಗಳಲ್ಲಿ ಕಂಡ ಹಿಮಕ್ಕೆ ಮನೆಯಲ್ಲಿ ಅದಕ್ಕಿಂತ ಹತ್ತಿರದ ಪದಾರ್ಥ ಇರಲಿಲ್ಲ. ಕೋನಮಾಪಕವನ್ನು ಪಕ್ಕದಲ್ಲಿ ನಿಲ್ಲಿಸಿ ತಟ್ಟೆಯನ್ನು ಮೆಲ್ಲಗೆ ಎತ್ತುತ್ತ ಹೋದೆ. ನಲವತ್ತು ಮುಟ್ಟುವ ಮೊದಲೇ ರವೆ ಪೂರ್ತಿ ಜಾರಿತು. ಮೂರು ಸಲ ಮಾಡಿದೆ. ಮೂರು ಸಲವೂ ಹಾಗೇ ಆಯಿತು.

ವೈನಿ ಒಲೆಯ ಮುಂದಿನಿಂದ ತಿರುಗಿ ನೋಡಿದರು.

"ಏನ ಮಾಡ್ಲಿಕತ್ತೀ?"

"ಸ್ನೋ ಲೋಡ್ ನೋಡ್ತಿದೀನಿ ವೈನಿ."

"ಹಂಗಾರ ನನ್ನ ರವಾ ಬಿಟ್ಟು ನೋಡು. ನಾಳೆ ಮಂದಿ ಉಪ್ಪಿಟ್ಟಿಗೆ ಬರ್ತಾರ. ಹಿಮಾ ತಿನಸಲೇನು ಅವರಿಗೆ?"

ನಾನು ರವೆಯನ್ನು ಡಬ್ಬಿಗೆ ಹಾಕಿ, ನೋಟ್‌ಬುಕ್ಕಿನಲ್ಲಿ ಅರವತ್ತು ಡಿಗ್ರಿಯಲ್ಲಿ ಹಿಮದ ಭಾರ ಸೊನ್ನೆ ಎಂದು ಬರೆದೆ. ಸೊನ್ನೆಯ ಕೆಳಗೆ ಎರಡು ಗೆರೆ ಎಳೆದೆ. ಹಿಂಬದಿಯ ಕಾಲುಗಳು ಲಾಸ್ ಗ್ಯಾಟೋಸ್‌ನಲ್ಲಿದ್ದಷ್ಟೇ ತೆಳ್ಳಗಿದ್ದರೆ ಸಾಕು ಎಂದು ತೀರ್ಮಾನವಾಯಿತು. ಉದ್ದ ಮಾತ್ರ ಹೆಚ್ಚು.

ನಕ್ಷೆ ಫಿಟ್ಟರ್ ಕೈಗೆ ಹೋಯಿತು. ಅವರು ಐವತ್ತು ದಾಟಿದ ಅಮೆರಿಕನ್ ಬಡಗಿ. ಹುಟ್ಟಿ ಬೆಳೆದದ್ದು ಉತ್ತರದ ಹಿಮದ ರಾಜ್ಯವೊಂದರಲ್ಲಿ. ಮಾತು ಕಡಿಮೆ. ನನ್ನದೂ ಕಡಿಮೆ. ಹಾಗಾಗಿ ನಮ್ಮಿಬ್ಬರ ನಡುವೆ ಮನಸ್ತಾಪಕ್ಕೆ ಆಸ್ಪದವಿರಲಿಲ್ಲ. ಅವರು ನಕ್ಷೆಯನ್ನು ಬಹಳ ಹೊತ್ತು ನೋಡಿದರು.

"ಗಾಜಿನ ಮೇಲಿಂದ ಜಾರುತ್ತಲ್ಲ, ಆ ಹಿಮ. ಅದು ಎಲ್ಲಿಗೆ ಹೋಗುತ್ತೆ, ಮಿಸ್?"

"ಕೆಳಕ್ಕೆ," ಎಂದೆ.

ಅವರು ತಲೆಯಾಡಿಸಿದರು. ಪೆನ್ಸಿಲಿನಿಂದ ನಕ್ಷೆಯ ಅಂಚಿನಲ್ಲಿ ಪ್ಯಾನೆಲಿನ ಬುಡಕ್ಕೆ ಒಂದು ಬಾಣ ಎಳೆದು, ಬಾಣದ ಪಕ್ಕ ಅದೇ ಪ್ರಶ್ನೆ ಬರೆದರು. ನನ್ನ ಉತ್ತರ ಬರೆದುಕೊಳ್ಳಲಿಲ್ಲ. ನಕ್ಷೆಯನ್ನು ಮಡಚಿಕೊಂಡು ಹೋಗಿ, ಅಕ್ಟೋಬರಿನಲ್ಲಿ, ಅದರಲ್ಲಿ ಇದ್ದ ಹಾಗೆಯೇ ಕೂರಿಸಿ ಬಂದರು. ನಕ್ಷೆ ಕಡತಕ್ಕೆ ವಾಪಸಾಯಿತು. ಫೆಬ್ರವರಿಯಲ್ಲಿ ಒಂದು ದೊಡ್ಡ ಹಿಮಪಾತವಾದ ಮೇಲೆ ದಂತವೈದ್ಯರ ಫೋನ್ ಬಂತು. ನೀರಿನ ಕೊಳವೆ ಕಿತ್ತುಹೋಗಿದೆ, ನೀರು ಹೆಪ್ಪುಗಟ್ಟದಿರಲೆಂದು ಹಾಕಿದ್ದ ಹಸಿರು ದ್ರವ ಅಟ್ಟದಲ್ಲಿ ತೊಟ್ಟಿಕ್ಕುತ್ತಿದೆ, ಕಾರಣವನ್ನು ಬರೆದು ಕಳಿಸಿ ಎಂದರಂತೆ. ಯಾರಿಗೂ ಪೆಟ್ಟಾಗಿರಲಿಲ್ಲ.

ಆ ವಾರದ ಗುರುವಾರ ಬಾಸ್ ಮತ್ತು ನಾನು ಹೋಗುವಷ್ಟರಲ್ಲಿ ಫಿಟ್ಟರ್ ತಮ್ಮ ಟ್ರಕ್ಕಿನಲ್ಲಿ ಮೊದಲೇ ಬಂದು, ಪ್ಯಾನೆಲ್ ಸುತ್ತಲಿನ ಹಿಮವನ್ನು ಸಲಿಕೆಯಿಂದ ಕಡಿದಿದ್ದರು. ಒಂದು ಪಕ್ಕವನ್ನು ಬೇಕೆಂದೇ ಹಾಗೆಯೇ ಉಳಿಸಿದ್ದರು. ಕಡಿದ ಹಿಮ ಗೋಡೆಯಂತೆ ನಿಂತಿತ್ತು. ಒಳಗೆ ನಡೆದದ್ದೆಲ್ಲ ಅದರ ಮುಖದ ಮೇಲೆ ಕಾಣುತ್ತಿತ್ತು. ಗಾಜಿನ ಮೇಲಿಂದ ಹಿಮ ಜಾರಿತ್ತು, ನಿಜ. ಜಾರಿ ಪ್ಯಾನೆಲಿನ ಬುಡದಲ್ಲಿ ರಾಶಿಯಾಗಿ, ಮಾಡಿನ ಒರಟು ಹೆಂಚಿನ ಮೇಲೆ ಅಲ್ಲೇ ಕೂತಿತ್ತು. ಮೇಲೆ ಬಿದ್ದದ್ದು ಮತ್ತೆ ಜಾರಲು ಜಾಗವಿಲ್ಲದೆ ಗಾಜಿಗೆ ಆತುಕೊಂಡಿತ್ತು. ಪ್ಯಾನೆಲಿನ ಹಿಂದೆ, ಮಾಡಿನ ಮೇಲ್ಭಾಗದಿಂದ ಇಳಿದ ಹಿಮ ಕಾಲುಗಳ ನಡುವೆ ತುಂಬಿತ್ತು. ತಳದಲ್ಲಿ ಬೂದು ಬಣ್ಣದ ಮಂಜುಗಡ್ಡೆ. ಕಾಲುಗಳನ್ನು ಜೋಡಿಸುವ ಅಡ್ಡಪಟ್ಟಿ ಅದರೊಳಗೆ ಹೂತುಹೋಗಿತ್ತು. ಹಿಮ ದಿನದಿನಕ್ಕೆ ಕುಗ್ಗುತ್ತ, ಇಳಿಜಾರಿನಲ್ಲಿ ತೆವಳುತ್ತ, ಆ ಪಟ್ಟಿಯನ್ನು ಕೆಳಕ್ಕೆ ಎಳೆದಿತ್ತು, ಕಾಲುಗಳನ್ನು ಮುಂದಕ್ಕೆ ತಳ್ಳಿತ್ತು. ಕಾಲುಗಳನ್ನು ನಾನು ಗಾಳಿಗೆಂದು ಮಾಡಿದ್ದೆ. ಗಾಳಿ ತೆವಳುವುದಿಲ್ಲ.

ಫಿಟ್ಟರ್ ತಮ್ಮ ಕೈಗವಸೊಂದನ್ನು ಬಿಚ್ಚಿ, ಒಂದು ಹಿಡಿ ಹಿಮ ತೆಗೆದು ಹಿಸುಕಿ ನನಗೆ ಕೊಟ್ಟರು. ಬೆರಳಿನ ಗುರುತುಗಳಿದ್ದ ಒಂದು ಉಂಡೆ. ಅದು ಅಂಟಿಕೊಳ್ಳುತ್ತದೆ ಎಂದು ನನಗೆ ಆಗ ಗೊತ್ತಾಯಿತು. "ನಾನು ಆಗಲೇ ಕೇಳಿದ್ದೆ" ಎಂದು ಅವರು ಹೇಳುತ್ತಾರೆಂದು ಕಾದೆ. ಅವರು ಕೈಗವಸು ಮತ್ತೆ ಹಾಕಿಕೊಂಡರು.

ಬಾಸ್ ಮಾಡು ಹತ್ತಲಿಲ್ಲ. ಕೆಳಗೆ ನಿಂತು ಫಿಟ್ಟರನ್ನು ಕರೆದು, ರಿಪೋರ್ಟು ದಂತವೈದ್ಯರಿಗೆ ತಲುಪಿ ವಿಷಯ ತೀರ್ಮಾನವಾಗುವವರೆಗೆ ಕೆಲಸಕ್ಕೆ ಬರುವುದು ಬೇಡ ಎಂದರು. ಫಿಟ್ಟರ್ ಏಣಿಯ ಕಡೆ ನೋಡಿದರು. ನಾನಿನ್ನೂ ಏಣಿಯ ಮೇಲೆಯೇ ಇದ್ದೆ.

"ರಿಪೋರ್ಟು ಯಾರು ಬರೀತಾರೆ?"

"ಅವಳೇ," ಎಂದರು ಬಾಸ್.

"ಸರಿ ಹಾಗಾದರೆ," ಎಂದು ಫಿಟ್ಟರ್ ಸಲಿಕೆಯನ್ನು ಒರೆಸಿ ಟ್ರಕ್ಕಿಗೆ ಹಾಕಿದರು.

ವಾಪಸು ಬರುವಾಗ ನಾನು ಬಾಸ್ ಕಾರಿನಲ್ಲಿದ್ದೆ. ಹಿಮದಲ್ಲಿ ಜಾರದಿರಲೆಂದು ಟೈರಿಗೆ ಚೈನು ಕಟ್ಟಿದ್ದರಿಂದ ಕಾರು ಎತ್ತಿನಗಾಡಿಯ ವೇಗದಲ್ಲಿ ಗಡಗಡ ಎನ್ನುತ್ತಿತ್ತು. ಅವರ ಹೆಂಡತಿ ನನಗೂ ಸೇರಿಸಿ ಪುಳಿಯೋಗರೆ ಕಟ್ಟಿಕೊಟ್ಟಿದ್ದರು.

"ತಿನ್ನಮ್ಮ. ಖಾರ ಇದೆ, ಚಳಿಗೆ ಚೆನ್ನಾಗಿರುತ್ತೆ."

ತಿಂದೆ.

"ರಿಪೋರ್ಟಲ್ಲಿ ಜಾಸ್ತಿ ಬೇಡ. ಬೋಲ್ಟು ತೊಲೆಗೆ ಸರಿಯಾಗಿ ಹಿಡಿದಿರಲಿಲ್ಲ, ಫಿಟ್ಟಿಂಗ್ ಪ್ರಾಬ್ಲಮ್ಮು. ಒಂದು ಪೇಜು. ನಾಳೆ ಬೆಳಿಗ್ಗೇನೇ ಪೋಸ್ಟಿಗೆ ಹೋಗಬೇಕು. ಡಾಕ್ಟ್ರು ಸುಮ್ಮನೆ ಕಾಯೋ ಆಸಾಮಿ ಅಲ್ಲ."

"ಬೋಲ್ಟು ಎಂಟೂ ಹಿಡಿದಿವೆ ಸರ್."

"ನೀನು ಬಿಚ್ಚಿ ನೋಡಿದ್ಯಾ?"

"ಗೆರೆ ನೋಡಿದೆ."

"ಗೆರೆ! ಗೆರೆ ಯಾರು ಬೇಕಾದ್ರೂ ಎಳೀತಾರೆ. ಒಂದು ಪೆನ್ನು ಕೊಡು, ನಾನೂ ಎಳೀತೀನಿ."

ನಾನು ಇನ್ನೊಂದು ತುತ್ತು ತಿಂದೆ.

"ಡಿಸೈನು ತಪ್ಪು ಅಂತ ಬರೆದರೆ ನಾಳೆಯಿಂದ ನಮ್ಮ ಹತ್ರ ಯಾರಮ್ಮ ಬರ್ತಾರೆ? ಫಿಟ್ಟಿಂಗು ತಪ್ಪು ಅಂದ್ರೆ ಫಿಟ್ಟರನ್ನ ಚೇಂಜ್ ಮಾಡಿದ್ವಿ ಅಂತ ಮುಗೀತು. ಸ್ಯಾನ್ ಹೋಸೆಯಲ್ಲಿ ಇನ್ನೊಬ್ಬ ಸಿಕ್ಕಿದಾನೆ."

"ಡಿಸೈನು ನನ್ನದು ಸರ್."

"ಅದಕ್ಕೇ ಹೇಳ್ತಿರೋದು! ನಿನ್ನ ಗ್ರೀನ್ ಕಾರ್ಡ್ ಪೇಪರ್ಸು ಲಾಯರ್ ಟೇಬಲ್ ಮೇಲಿದೆ. ಇಡೀ ಅಮೆರಿಕಾದಲ್ಲಿ ಈ ಹುಡುಗಿ ಬಿಟ್ರೆ ಈ ಕೆಲಸ ಇನ್ಯಾರಿಗೂ ಬರಲ್ಲ ಅಂತ ನಾನು ಸೈನ್ ಹಾಕಿ ಕೊಟ್ಟಿದೀನಿ. ಈಗ ಆ ಹುಡುಗಿ ಮಾಡಿದ್ದೇ ಬಿತ್ತು ಅಂತ ಯಾವ ಮುಖ ಇಟ್ಕೊಂಡು ಹೇಳಲಿ?"

ಅವರು ಕೆಟ್ಟವರಲ್ಲ. ನಾನು ಸೇರಿದ ವಾರ ಜ್ವರ ಬಂದಾಗ ರಸಂ ಕಳಿಸಿದ್ದರು. ನನ್ನನ್ನು ಉಳಿಸುವುದೂ ಕಂಪೆನಿಯನ್ನು ಉಳಿಸುವುದೂ ಅವರಿಗೆ ಒಂದೇ ಕೆಲಸವಾಗಿ ಕಂಡಿತ್ತು. ಆ ಲೆಕ್ಕದಲ್ಲಿ ಹಿಡಿಯದೆ ಹೊರಗೆ ಉಳಿದವರು ಒಬ್ಬರೇ.

"ಅವನಿಗೇನು, ಬಡಗಿ. ಎಲ್ಲಾದ್ರೂ ಕೆಲಸ ಸಿಗುತ್ತೆ," ಎಂದು ಅವರು ನನ್ನನ್ನು ನೋಡದೆ ಹೇಳಿದರು.

ಸಿಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು. ಬೋಲ್ಟು ಬಿಗಿಯಲು ಬಾರದು ಎಂದು ಒಂದು ಕಂಪೆನಿ ಸಹಿ ಹಾಕಿ ಬರೆದುಕೊಟ್ಟ ಮೇಲೆ ಆ ವಯಸ್ಸಿನ ಫಿಟ್ಟರನ್ನು ಇನ್ನೊಂದು ಕಂಪೆನಿ ಏಣಿ ಹತ್ತಿಸುವುದಿಲ್ಲ. ಸಹಿ ನನ್ನದಾಗಿರುತ್ತಿತ್ತು. ಪುಳಿಯೋಗರೆಯಲ್ಲಿ ಕಡಲೆಕಾಯಿ ಬೀಜ ಹದವಾಗಿ ಹುರಿದಿತ್ತು. ಪೂರ್ತಿ ತಿಂದು ಡಬ್ಬಿ ಮುಚ್ಚಿದೆ.

ಮನೆ ತಲುಪಿದಾಗ ಊಟದ ಹೊತ್ತು. ವೈನಿ ಫ್ರಿಜ್ಜಿನ ಮುಂದೆ ನೆಲದ ಮೇಲೆ ಹಳೆಯ ಟವೆಲ್ ಹಾಸಿ, ಮರದ ಸೌಟಿನಿಂದ ಮೇಲಿನ ಫ್ರೀಜರನ್ನು ಕೆರೆಯುತ್ತಿದ್ದರು. ಅದು ಹಳೆಯ ಫ್ರಿಜ್ಜು. ತಿಂಗಳಿಗೊಮ್ಮೆ ಒಳಗಿನ ಗೋಡೆಗಳ ಮೇಲೆ ಬೆಳ್ಳಗೆ ಕಟ್ಟಿಕೊಂಡು, ಬಾಗಿಲು ಮುಚ್ಚಲು ಬಿಡುತ್ತಿರಲಿಲ್ಲ.

"ಬಂದೇನು? ಹಿಡಿ ಇದನ್ನ. ಕೈ ನೋವು ಬಂತು. ಏನ ಕಚ್ಚಿ ಹಿಡಕೊಂಡದ ನೋಡು, ಪಾಪಿ!"

ನಾನು ಸೌಟು ತೆಗೆದುಕೊಂಡು ನೋಡಿದೆ. ಮೂರು ಬೆರಳು ದಪ್ಪದ ಬಿಳಿ ಗಟ್ಟಿ. ಗೋಡೆ ನೇರ, ತೊಂಬತ್ತು ಡಿಗ್ರಿ. ಅದು ಜಾರಿರಲಿಲ್ಲ. ಒಳಗಿನ ಚಾವಣಿಯಲ್ಲಿ, ತಲೆಕೆಳಗಾಗಿಯೂ ಹಿಡಿದುಕೊಂಡಿತ್ತು. ಒಂದು ಪ್ಲಾಸ್ಟಿಕ್ ತಟ್ಟೆಯ ಅಂಚು ಅದರೊಳಗೆ ಸಿಕ್ಕಿ, ಎಳೆಸಿಕೊಂಡು, ಬಾಗಿತ್ತು. ಫ್ರಿಜ್ಜಿನಿಂದ ರವೆಯ ಡಬ್ಬಿ ಇಟ್ಟಿದ್ದ ಕಪಾಟಿಗೆ ನನ್ನ ಅಳತೆಯಲ್ಲಿ ಒಂದೂವರೆ ಅಡಿ. ಆ ಶನಿವಾರದ ಪ್ರಯೋಗಕ್ಕೆ ನಾನು ಆ ಕಪಾಟನ್ನು ತೆರೆದಿದ್ದೆ.

"ವೈನಿ, ಆವತ್ತು ರವೆ ಹಾಕಿ ನೋಡ್ತಿದ್ನಲ್ಲ, ಆ ಪ್ಯಾನೆಲ್ ಬಿತ್ತು."

ವೈನಿ ಒಂದು ಕ್ಷಣ ನನ್ನನ್ನೂ ಫ್ರೀಜರನ್ನೂ ನೋಡಿದರು. ಅವರಿಗೆ ಯಾವ ಪದವಿಯೂ ಬೇಕಾಗಲಿಲ್ಲ.

"ಅಯ್ಯ, ಇದನ್ನ ನೋಡಬೇಕಿತ್ತಲ್ಲ ನೀ? ರವಾ ಯಾವಾಗರೆ ಗ್ವಾಡಿಗೆ ಅಂಟ್ಕೊಂಡದ್ದ ನೋಡೀಯೇನು?"

"ಇಲ್ಲ."

"ಯಾರಿಗರೆ ಏನರೆ ಆತೇನು?"

"ಇನ್ನೂ ಇಲ್ಲ. ಅದನ್ನ ಕೂರಿಸಿದವರ ತಪ್ಪು ಅಂತ ನಾಳೆ ನಾನು ಬರೀಬೇಕು."

"ಅವರ ತಪ್ಪೇನು?"

"ನಾನು ಹೇಳಿದ ಹಾಗೇ ಕೂರಿಸಿದ್ದು."

ವೈನಿ ನನ್ನ ಕೈಯಿಂದ ಸೌಟು ವಾಪಸು ತೆಗೆದುಕೊಂಡರು.

"ನೀ ಹೋಗಿ ಕೈ ತೊಳಕೋ. ಭಕ್ರಿ ಆರ್ತದ," ಎಂದರು. ಊಟಕ್ಕೆ ಕುಳಿತಾಗ, ಬದನೆಕಾಯಿ ಬಡಿಸುತ್ತ, ನಮ್ಮ ಕಂಪೆನಿ ಬಿಟ್ಟರೆ ಬೇರೆ ಕಂಪೆನಿಗಳೂ ನನ್ನಂಥವರಿಗೆ ಪೇಪರ್ಸು ಮಾಡಿಕೊಡುತ್ತವೆಯೇ ಎಂದು ಕೇಳಿದರು. ಕೆಲವು ಮಾಡಿಕೊಡುತ್ತವೆ ಎಂದೆ. ಮೊದಲಿಂದ ಶುರು ಮಾಡಬೇಕಾಗುತ್ತದೆ ಎಂದೆ. "ಹಂ," ಎಂದು ಇನ್ನೊಂದು ಜೋಳದ ಭಕ್ರಿ ಹಾಕಿದರು. ಬೇಡ ಎನ್ನುವ ಮೊದಲೇ ಅದರ ಮೇಲೆ ಬೆಣ್ಣೆ ಬಿದ್ದಿತ್ತು.

ಮರುದಿನ ಬೆಳಿಗ್ಗೆ ಎಂದಿಗಿಂತ ಮುಂಚಿನ ರೈಲು ಹಿಡಿದೆ. ಆಫೀಸಿನ ಬೀಗ ತೆಗೆದು, ಟೈಪ್‌ರೈಟರಿಗೆ ಎರಡು ಕಾರ್ಬನ್ ಹಾಳೆ ಸೇರಿಸಿ, ರಿಪೋರ್ಟನ್ನು ಒಂದೇ ಪುಟದಲ್ಲಿ ಬರೆದೆ. ಬಾಸ್ ಕೇಳಿದ್ದೂ ಒಂದೇ ಪುಟ. ಎಂಟು ಬೋಲ್ಟುಗಳೂ ತೊಲೆಯನ್ನು ಹಿಡಿದಿವೆ, ಗುರುತಿನ ಗೆರೆಗಳು ಮುರಿದಿಲ್ಲ, ಜೋಡಣೆ ನಕ್ಷೆಯ ಪ್ರಕಾರವೇ ಇದೆ ಎಂದು ಮೊದಲ ಪ್ಯಾರಾ. ಜಾರಿದ ಹಿಮ ಬುಡದಲ್ಲಿ ನಿಲ್ಲುತ್ತದೆ, ಹಿಂದಿನ ಹಿಮ ಕಾಲುಗಳನ್ನು ತಳ್ಳುತ್ತದೆ, ಇವೆರಡನ್ನೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಲೆಕ್ಕ ನನ್ನದು ಎಂದು ಎರಡನೆಯದು. ಹಿಮದ ಬದಲು ಬಳಸಿದ ಪದಾರ್ಥ ಯಾವುದು ಎಂದು ಹೇಳದಿದ್ದರೆ ರಿಪೋರ್ಟು ಅಪೂರ್ಣ ಅನ್ನಿಸಿತು. ಚಿರೋಟಿ ರವೆ, ಒಣಗಿದ್ದು, ಮೂರು ಪ್ರಯೋಗ ಎಂದು ಸೇರಿಸಿದೆ. ಸಹಿ ಮಾಡಿದೆ.

ಮೂಲ ಪ್ರತಿಯನ್ನು ಲಕೋಟೆಗೆ ಹಾಕಿ, ಲಾಸ್ ಗ್ಯಾಟೋಸ್‌ನ ವಿಳಾಸ ಬರೆದು, ಬೀದಿಯ ತುದಿಯ ಅಂಚೆ ಡಬ್ಬಿಗೆ ನಡೆದು ಹೋದೆ. ಹಾಕಿದ ಮೇಲೆ ಮುಚ್ಚಳವನ್ನು ಇನ್ನೊಮ್ಮೆ ತೆರೆದು ನೋಡಿದೆ. ಲಕೋಟೆ ಜಾರಿತ್ತು.

ವಾಪಸು ಬಂದು ಒಂದು ಕಾರ್ಬನ್ ಪ್ರತಿಯನ್ನು ಬಾಸ್ ಮೇಜಿನ ನಡುವೆ, ತೊಳೆದ ಪುಳಿಯೋಗರೆ ಡಬ್ಬಿಯ ಕೆಳಗೆ ಇಟ್ಟೆ. ಇನ್ನೊಂದನ್ನು ಫಿಟ್ಟರ್ ಹೆಸರಿನ ಟಪಾಲು ಗೂಡಿಗೆ ಹಾಕಿದೆ. ಹಾಕುವ ಮೊದಲು ಕಡತದಿಂದ ಕ್ಯಾಬಿನ್ನಿನ ನಕ್ಷೆ ಹೊರತೆಗೆದೆ. ಅಂಚಿನಲ್ಲಿ ಅವರ ಬಾಣ, ಬಾಣದ ಪಕ್ಕ ಅವರ ಪ್ರಶ್ನೆ, ಪೆನ್ಸಿಲ್ ಸ್ವಲ್ಪ ಮಾಸಿದ್ದರೂ ಓದಲು ಬರುತ್ತಿತ್ತು. ಅದರ ಕೆಳಗೆ ಪೆನ್ನಿನಲ್ಲಿ "ಎಲ್ಲಿಗೂ ಹೋಗುವುದಿಲ್ಲ" ಎಂದು ಇಂಗ್ಲಿಷಿನಲ್ಲಿ ಬರೆದು, ತಾರೀಕು ಹಾಕಿ, ನಕ್ಷೆಯನ್ನೂ ಮಡಚಿ ಅದೇ ಗೂಡಿನಲ್ಲಿಟ್ಟೆ. ಆಮೇಲೆ ಹೊರಗೆ ಬಾಸ್ ಕಾರು ನಿಂತ ಸದ್ದು ಕೇಳಿಸಿತು. ನಾನು ಕಾಫಿಗೆ ನೀರಿಟ್ಟೆ, ಇಬ್ಬರಿಗೆ.